ಅಗ್ಗದ ಗಿಟಾರಿನ ಹುಟ್ಟೂರು

ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಿಂದ ಗಂಗಾವತಿಗೆ ಬಂದು ಕಾಲೇಜಿನಲ್ಲಿ ಓದುತ್ತಿರುವ ತರುಣನೊಬ್ಬನು ಕಳೆದ ಮೇ ತಿಂಗಳಲ್ಲಿ ತನ್ನ ವಿದ್ಯುತ್ ಗಿಟಾರನ್ನು ನಮ್ಮ ಬಳಿಗೆ ತಂದನು. ಎರಡು ವರ್ಷ ರಜೆಯ ದಿನಗಳಲ್ಲಿ ದುಡಿದು ಕೂಡಿಟ್ಟ ಹಣದಿಂದ ಕೊಂಡ ವಾದ್ಯ. ಮಳೆಗಾಲದಲ್ಲಿ ಗಂಗಾವತಿಯ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ನಯವಾಗಿದ್ದ ಅದರ ದಂಡಿಯು, ಬೇಸಿಗೆಯ ರಜೆಗೆಂದು ಊರಿಗೆ ಒಯ್ದು ತಿಂಗಳಾಗುವುದರೊಳಗೆ ಗರಗಸದ ಅಂಚಿನಂತೆ ಕೈಯನ್ನು ಕೆರೆಯತೊಡಗಿತ್ತು. ಅವನನ್ನು ಅದಕ್ಕಿಂತ ಹೆಚ್ಚಾಗಿ ಕಾಡುತ್ತಿದ್ದುದು ಬೇರೊಂದು ಚಿಂತೆ. ಎಷ್ಟು ಸಲ ಶ್ರುತಿಮಾಡಿದರೂ ಮೊದಲ ಒಂದೆರಡು ಮೆಟ್ಟಿಲುಗಳಲ್ಲಿ ಹಿಡಿದ ಸ್ವರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. “ನನ್ನ ಕಿವೀನ ಸರಿ ಇಲ್ಲ ಅನಸ್ತೈತ್ರಿ ಸರ, ಇದನ್ನ ಮಾರಿಬಿಡ್ಲೇನ್ರಿ?” ಎಂದು ಕೇಳಿದನು.

ಗಿಟಾರಿನ ಆಕಾರವು 1950ರ ದಶಕದ ಪ್ರಸಿದ್ಧವಾದ ಅಮೆರಿಕದ ಮಾದರಿಯೊಂದರದು. ತಲೆಯ ಹಿಂಬದಿಯಲ್ಲಿ ಮಾತ್ರ ಸಣ್ಣ ಅಕ್ಷರಗಳಲ್ಲಿ ‘ಇಂಡೋನೇಷ್ಯದಲ್ಲಿ ತಯಾರಾದುದು’ ಎಂದು ಅಚ್ಚಾಗಿದ್ದಿತು. ತಯಾರಕರ ಹೆಸರು ಇಲ್ಲಿ ಬೇಡ. ಇದೇ ದೂರು ಹತ್ತಾರು ಹೆಸರುಗಳ ಗಿಟಾರುಗಳ ಮೇಲೆ ಉಂಟು. ಆದರೆ ಅವನ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಎರಡು ಸಂಗತಿಗಳನ್ನು ತಿಳಿಯಬೇಕಾಗುವುದು. ಅಮೆರಿಕದ ಈ ವಾದ್ಯವು ಜಾವಾ ದ್ವೀಪದಲ್ಲಿ ಹುಟ್ಟುವಂತಾದುದು ಹೇಗೆ? ಒಂದೇ ಹೆಸರಿನ, ಒಂದೇ ಆಕಾರದ ಎರಡು ವಾದ್ಯಗಳು ಗುಣದಲ್ಲಿ ಬೇರೆಯಾಗುವುದೇಕೆ?

ಮೊದಲು ವಾದ್ಯವನ್ನೇ ನೋಡೋಣ. ವೀಣೆಯಲ್ಲಿ ತಂತಿಯ ಕಂಪನವು ಕುದುರೆಯ ಮೂಲಕ ಕೊಡಕ್ಕೆ ಇಳಿದು, ಅಲ್ಲಿನ ತೆಳುಹಲಗೆಯನ್ನೂ ಒಳಗಿನ ಗಾಳಿಯನ್ನೂ ಅಲುಗಿಸಿ ನಾದವಾಗುವುದು. ಆದಕಾರಣ ಕೊಡದ ಮರ, ಅದರ ದಪ್ಪ, ಅದನ್ನು ತೋಡಿದವನ ಕೈಚಳಕ ಇವೆಲ್ಲವೂ ನಾದದಲ್ಲಿ ಕೇಳಿಸುವುವು. ವಿದ್ಯುತ್ ಗಿಟಾರಿನ ಒಡಲಾದರೋ ಬಹುಮಟ್ಟಿಗೆ ಒಂದು ಗಟ್ಟಿ ಹಲಗೆ. ಅದರಲ್ಲಿ ಕಿವಿಯ ಕೆಲಸ ಮಾಡುವುದು ತಂತಿಗಳ ಕೆಳಗೆ ಹುದುಗಿಸಿದ ‘ಪಿಕಪ್’ ಎಂಬ ಸಾಧನ. ಕಾಂತಗಳ ಸುತ್ತ ತಲೆಗೂದಲಿನಷ್ಟು ತೆಳ್ಳನೆಯ, ಎಂದರೆ ಸುಮಾರು 0.06 ಮಿಲಿಮೀಟರು ದಪ್ಪದ, ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿಯು ಕಂಪಿಸಿದಂತೆಲ್ಲ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರವು ಏರಿಳಿಯುವುದು. ಅದರಿಂದ ಸುರುಳಿಯಲ್ಲಿ ಅದೇ ಲಯದ ವಿದ್ಯುತ್ಪ್ರವಾಹ ಹುಟ್ಟುವುದು. 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಣೆಯ ತತ್ತ್ವವೇ ಇದು. ಕೊಪ್ಪಳದ ಯಾವುದೇ ಪ್ರೌಢಶಾಲೆಯಲ್ಲಿ ಕಾಂತದ ಕಡ್ಡಿಯನ್ನು ಸುರುಳಿಯೊಳಕ್ಕೆ ನೂಕಿ ಮುಳ್ಳು ಅಲುಗುವುದನ್ನು ನೋಡಿದವರೆಲ್ಲರೂ ಗಿಟಾರಿನ ಅರ್ಧ ರಹಸ್ಯವನ್ನು ನೋಡಿದಂತೆಯೇ ಸರಿ.

ಈ ವಾದ್ಯವನ್ನು ಕಾರ್ಖಾನೆಯ ವಸ್ತುವನ್ನಾಗಿ ರೂಪಿಸಿದವರಲ್ಲಿ ಪ್ರಮುಖನಾದ ಲಿಯೋ ಫೆಂಡರನು ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದವನು. ಪಿಟೀಲು ತಯಾರಕರ ಮನೆತನದವನಲ್ಲ. 1950ರಲ್ಲಿ ಹೊರಬಂದು ಮುಂದೆ ‘ಟೆಲಿಕ್ಯಾಸ್ಟರ್’ ಎನ್ನಿಸಿಕೊಂಡ ಅವನ ಗಿಟಾರಿನಲ್ಲಿ ದಂಡಿಯನ್ನು ಒಡಲಿಗೆ ಅಂಟಿನಿಂದ ಕೂಡಿಸದೆ ನಾಲ್ಕು ತಿರುಪುಗಳಿಂದ ಬಿಗಿದಿದ್ದರು. ಬೇಕಾದಾಗ ಬಿಚ್ಚಬಹುದು, ಕೆಟ್ಟರೆ ಬದಲಿಸಬಹುದು. 1954ರಲ್ಲಿ ‘ಸ್ಟ್ರ್ಯಾಟೊಕ್ಯಾಸ್ಟರ್’ ಬಂದಿತು. ಈ ನಡುವೆ, 1952ರಲ್ಲಿ, ಗಿಬ್ಸನ್ ಸಂಸ್ಥೆಯವರು ‘ಲೆಸ್ ಪಾಲ್’ ಮಾದರಿಯನ್ನು ತಂದಿದ್ದರು. ಇಂದು ಜಗತ್ತಿನಲ್ಲಿ ಮಾರಾಟವಾಗುವ ಅಗ್ಗದ ವಿದ್ಯುತ್ ಗಿಟಾರುಗಳಲ್ಲಿ ಹೆಚ್ಚಿನವು ಈ ಮೂರರ ಸಂತತಿ. ಪುಸ್ತಕಗಳಿಗೆ ಮರುಮುದ್ರಣ ಇರುವಂತೆ ಇವಕ್ಕೂ ಮರುಮುದ್ರಣಗಳು ಬರುತ್ತಲೇ ಇವೆ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮೂಲ ಪ್ರತಿಯೇ ಯಂತ್ರಗಳಿಂದ ಬೇಗ ಬೇಗ ತಯಾರಾಗಲೆಂದು ಯೋಜಿಸಿದ ವಸ್ತುವಾಗಿರುವಾಗ, ಅದನ್ನು ಮತ್ತೊಂದು ದೇಶದಲ್ಲಿ ಮೂಲದಷ್ಟೇ ಚೆನ್ನಾಗಿ ಮಾಡಲು ತಾತ್ತ್ವಿಕವಾದ ಅಡ್ಡಿ ಏನೂ ಇಲ್ಲ.

ಮೂಲವೇ ಅಗ್ಗದ್ದಾಗಿದ್ದ ಉದಾಹರಣೆಯೂ ಉಂಟು. ನ್ಯೂಜರ್ಸಿಯ ಡ್ಯಾನೆಲೆಕ್ಟ್ರೊ ಎಂಬ ಸಂಸ್ಥೆಯು ಮರದ ಚೌಕಟ್ಟಿಗೆ, ನಾವು ಮೇಜಿನ ಹಿಂಬದಿಗೆ ಬಡಿಯುವಂಥ ಒತ್ತುಹಲಗೆಯನ್ನು ಅಂಟಿಸಿ ಒಡಲು ಮಾಡುತ್ತಿತ್ತು. ಪಿಕಪ್ಪುಗಳನ್ನು ಲಿಪ್‌ಸ್ಟಿಕ್ಕಿನ ಲೋಹದ ಕೊಳವೆಗಳಲ್ಲಿ ತುಂಬುತ್ತಿತ್ತು. ಅದು 1969ರಲ್ಲಿ ಬಾಗಿಲು ಮುಚ್ಚಿತು. 1990ರ ದಶಕದ ಕೊನೆಯಲ್ಲಿ ಹೆಸರನ್ನು ಕೊಂಡ ಬೇರೆಯವರು ಅದೇ ಒತ್ತುಹಲಗೆಯ ಗಿಟಾರುಗಳನ್ನು ಕೊರಿಯದಲ್ಲಿ ಮಾಡಿಸಿ ಮಾರತೊಡಗಿದರು. ಬಡವರ ವಾದ್ಯವೆಂದು ಹುಟ್ಟಿದುದು ಹಳತಾದ ಮೇಲೆ ಗೌರವ ಸಂಪಾದಿಸಿ ಮತ್ತೆ ಹುಟ್ಟಿತು.

ಇನ್ನು ಕಾರ್ಖಾನೆಗಳ ಸಂಚಾರದ ಕಥೆ. 1970ರ ದಶಕದಲ್ಲಿ ಜಪಾನಿನ ತಯಾರಕರು ಅಮೆರಿಕದ ಮಾದರಿಗಳ ನಕಲುಗಳನ್ನು ಎಷ್ಟು ಚೆನ್ನಾಗಿ ಮಾಡತೊಡಗಿದರೆಂದರೆ, 1977ರಲ್ಲಿ ಗಿಬ್ಸನ್ನಿನ ಒಡೆಯರು ಗಿಟಾರಿನ ತಲೆಯ ಆಕಾರದ ಬಗೆಗೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಬೇಕಾಯಿತು. ಫೆಂಡರ್ ಸಂಸ್ಥೆಯವರು ಹಿಡಿದ ದಾರಿ ಬೇರೆ. ತಡೆಯಲಾಗದವರನ್ನು ಜೊತೆಗೆ ಸೇರಿಸಿಕೊಳ್ಳುವುದು ಮೇಲೆಂದು ತಿಳಿದು 1982ರಲ್ಲಿ ಜಪಾನಿನಲ್ಲಿಯೇ ಪಾಲುದಾರಿಕೆಯ ಸಂಸ್ಥೆಯನ್ನು ಕಟ್ಟಿದರು. ಮಾತ್ಸುಮೊಟೊ ನಗರದ ಫುಜಿಗೆನ್ ಕಾರ್ಖಾನೆಯಲ್ಲಿ ಹಳೆಯ ಮಾದರಿಗಳ ಮರುತಯಾರಿ ಪ್ರಾರಂಭವಾಯಿತು. ಅಗ್ಗದ ಸಾಲಿಗೆ, ತಾವು 1965ರಲ್ಲಿ ಕೊಂಡಿದ್ದ ತಂತಿ ತಯಾರಕರೊಬ್ಬರ ಹೆಸರನ್ನು, ಎಂದರೆ ‘ಸ್ಕ್ವಾಯರ್’ ಎಂಬುದನ್ನು, ಇಟ್ಟರು. ಆ ಮೊದಲ ಜಪಾನೀ ಸ್ಕ್ವಾಯರುಗಳನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ‘ಅಗ್ಗದ್ದು’ ಎಂಬ ಹಣೆಪಟ್ಟಿಯೊಡನೆ ಬಂದವುಗಳ ಗತಿ ಇದು!

1985ರ ಅನಂತರ ಡಾಲರಿನೆದುರು ಯೆನ್ನಿನ ಬೆಲೆ ಬಹಳ ಏರಿದುದರಿಂದ ಜಪಾನಿನ ಸರಕು ಅಮೆರಿಕದಲ್ಲಿ ದುಬಾರಿಯಾಯಿತು. ಅಗ್ಗದ ಗಿಟಾರು ದಕ್ಷಿಣ ಕೊರಿಯಕ್ಕೆ ಹೊರಟಿತು. ಅಲ್ಲಿ ಸಾಮಿಕ್, ಕಾರ್ಟ್ ಮುಂತಾದ ದೊಡ್ಡ ಸಂಸ್ಥೆಗಳು ಹಲವಾರು ಹೆಸರುಗಳ ಗಿಟಾರುಗಳನ್ನು ಒಂದೇ ಸೂರಿನಡಿಯಲ್ಲಿ ತಯಾರಿಸುತ್ತಿದ್ದುವು. 1980ರ ದಶಕದ ಕೊನೆಯಲ್ಲಿ ಕೆಲವು ಸ್ಕ್ವಾಯರುಗಳು ಭಾರತದಲ್ಲಿಯೂ ತಯಾರಾದುವು. ಆದರೆ ಆ ಪ್ರಯತ್ನ ಹೆಚ್ಚು ಕಾಲ ಬಾಳಲಿಲ್ಲ. ಕೊರಿಯದಲ್ಲಿ ಕೂಲಿಯ ದರ ಏರಿದ ಮೇಲೆ 1990ರ ದಶಕದಲ್ಲಿ ಅದೇ ಸಂಸ್ಥೆಗಳು ಜಾವಾ ದ್ವೀಪಕ್ಕೆ ಕಾರ್ಖಾನೆಗಳನ್ನು ಒಯ್ದುವು. ಕಾರ್ಟ್ ಸುರಬಾಯ ನಗರಕ್ಕೆ ಹೋಯಿತು, ಸಾಮಿಕ್ ಪಶ್ಚಿಮ ಜಾವಾಕ್ಕೆ. ಚೀನವೂ ಈ ಪಂಕ್ತಿಯಲ್ಲಿ ಸೇರಿತು. ಗಿಬ್ಸನ್ ಸಂಸ್ಥೆಯವರು ತಮ್ಮ ಅಗ್ಗದ ಹೆಸರಾದ ಎಪಿಫೋನಿಗಾಗಿ 2004ರಲ್ಲಿ ಚಿಂಗ್‌ದಾವ್ ನಗರದಲ್ಲಿ ಸ್ವಂತ ಕಾರ್ಖಾನೆ ತೆರೆದರು. 2008ರಲ್ಲಿ ಚೀನದಿಂದ ಬರತೊಡಗಿದ ಸ್ಕ್ವಾಯರಿನ ‘ಕ್ಲಾಸಿಕ್ ವೈಬ್’ ಎಂಬ ಮರುತಯಾರಿಯ ಸಾಲು 2019ರಲ್ಲಿ ಇಂಡೋನೇಷ್ಯಕ್ಕೆ ವರ್ಗವಾಯಿತು. ಗಿಟಾರಿನ ಕ್ರಮಸಂಖ್ಯೆಯಲ್ಲಿ ಈ ಚರಿತ್ರೆಯೆಲ್ಲ ಅಡಗಿರುವುದುಂಟು: ಸ್ಕ್ವಾಯರೊಂದರ ಸಂಖ್ಯೆ ‘ಐಸಿಎಸ್’ ಎಂಬ ಮೂರು ಅಕ್ಷರಗಳಿಂದ ಮೊದಲಾದರೆ ಇಂಡೋನೇಷ್ಯ, ಕಾರ್ಟ್, ಸ್ಕ್ವಾಯರ್ ಎಂದು ಓದಿಕೊಳ್ಳಬೇಕು, ಅನಂತರದ ಎರಡು ಅಂಕಿಗಳು ವರ್ಷವನ್ನು ಹೇಳುವುವು.

ಈ ಸಂಚಾರವು ನಕ್ಷೆಯ ಮೇಲೆ ಎಳೆದ ಗೆರೆಯಷ್ಟೇ ಅಲ್ಲ. 2007ರಲ್ಲಿ ಕಾರ್ಟ್ ಸಂಸ್ಥೆಯು ಕೊರಿಯದಲ್ಲಿನ ತನ್ನ ಕಾರ್ಖಾನೆಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ಗಿಟಾರು ಕಾರ್ಮಿಕರು ಹೂಡಿದ ಹೋರಾಟವು ಮುಗಿದುದು 2019ರ ಏಪ್ರಿಲಿನಲ್ಲಿ. ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ! ಮೆಟ್ಟಿಲುಗಳನ್ನು ಉಜ್ಜಿ ನಯಗೊಳಿಸುವುದರಲ್ಲಿ ಪಳಗಿದ ಬೆರಳುಗಳು ಬೀದಿಯಲ್ಲಿ ಫಲಕ ಹಿಡಿದು ನಿಂತುವು. ಇನ್ನೊಂದು ಕಡೆ, ಚೀನದ ಗ್ವಿಜೋ ಪ್ರಾಂತದ ಜಂಗಾನ್ ಎಂಬ ಗುಡ್ಡಗಾಡಿನ ಬಡ ಸೀಮೆಯಿಂದ ಕೂಲಿ ಅರಸಿ ಕರಾವಳಿಯ ಗಿಟಾರು ಕಾರ್ಖಾನೆಗಳಿಗೆ ಹೋಗಿದ್ದವರು 2013ರ ಸುಮಾರಿನಿಂದ ತಮ್ಮೂರಿಗೆ ಹಿಂತಿರುಗಿ ತಾವೇ ಕಾರ್ಖಾನೆ ಕಟ್ಟಿದರು. ಗಿಟಾರಿನ ಪರಂಪರೆಯೇ ಇಲ್ಲದ ಆ ಸೀಮೆಯಿಂದ ಈಗ ವರ್ಷಕ್ಕೆ ಲಕ್ಷ ಲಕ್ಷ ಗಿಟಾರುಗಳು ಹೊರಡುತ್ತಿವೆ. ಬರಗಾಲ ಬಂದಾಗ ಕುಷ್ಟಗಿ, ಯಲಬುರ್ಗಾಗಳಿಂದ ದುಡಿಮೆ ಹುಡುಕಿ ಹೊರಡುವ ಕುಟುಂಬಗಳನ್ನು ಕಂಡ ನಮಗೆ ಈ ಸಂಗತಿ ಸುಮ್ಮನೆ ಓದಿ ಮರೆಯುವಂಥದಲ್ಲ. ಯಲಬುರ್ಗಾ ಸೀಮೆಯ ಭಾನಾಪುರದಲ್ಲಿ 2021ರಲ್ಲಿ ಅಡಿಗಲ್ಲಿಟ್ಟ ಆಟಿಕೆಗಳ ಕೈಗಾರಿಕಾ ಸಮುಚ್ಚಯದ ಹಿಂದಿನ ಆಲೋಚನೆಯೂ ಇದೇ ಜಾತಿಯದು: ಮಾರುವ ಹೆಸರು ಎಲ್ಲಿಯದೋ ಇರಲಿ, ತಯಾರಿಕೆ ಇಲ್ಲಿ ನಡೆಯಲಿ.

ಹಾಗಾದರೆ ಜಪಾನಿನದು ಒಳ್ಳೆಯದು, ಚೀನದ್ದು ಕೆಟ್ಟದ್ದು ಎಂಬ ಅಂಗಡಿಯ ಮಾತು ನಿಜವೆ? ನಮಗೆ ಹಾಗೆ ತೋರುವುದಿಲ್ಲ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಹತ್ತು ಸಾವಿರ ರೂಪಾಯಿನ ಗಿಟಾರೂ ಐವತ್ತು ಸಾವಿರದ ಗಿಟಾರೂ ತಯಾರಾಗಬಹುದು. ದೇಶವನ್ನು ಬಿಟ್ಟು ಕೆಲಸವನ್ನು ನೋಡಬೇಕು. ಯಂತ್ರವು ಯಾವುದನ್ನು ಚೆನ್ನಾಗಿ ಮಾಡಬಲ್ಲುದು, ಯಾವುದನ್ನು ಮಾಡಲಾರದು ಎಂದು ಕೇಳಬೇಕು.

ಮೆಟ್ಟಿಲುಗಳ ಸ್ಥಾನವನ್ನೇ ತೆಗೆದುಕೊಳ್ಳಿ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂಡಿಸಿರುವುದರಿಂದ ತಪ್ಪಿದರೆ ಮೇಣವನ್ನು ಬಿಸಿಮಾಡಿ ಸರಿಪಡಿಸಬಹುದು. ಸಿತಾರಿನ ಮೆಟ್ಟಿಲನ್ನು ದಾರದಿಂದ ಕಟ್ಟಿರುತ್ತಾರೆ, ಬೆರಳಿನಿಂದಲೇ ಸರಿಸಬಹುದು. ಗಿಟಾರಿನದನ್ನು ಬೆರಳುಹಲಗೆಯಲ್ಲಿ ಕೊರೆದ ಸಣ್ಣ ಸೀಳುಗಳಲ್ಲಿ ಬಡಿದು ಕೂಡಿಸುತ್ತಾರೆ. ಒಮ್ಮೆ ಬಡಿದರೆ ಅದೇ ಅದರ ಹಣೆಬರಹ. ಒಂದು ಸ್ಥಾಯಿಯನ್ನು ಹನ್ನೆರಡು ಸಮಾನ ಅರ್ಧಸ್ವರಗಳಾಗಿ ವಿಭಜಿಸಬೇಕಾದರೆ ಪ್ರತಿ ಮೆಟ್ಟಿಲಿಗೂ ಕಂಪಿಸುವ ತಂತಿಯ ಉದ್ದವು 1.05946ರಿಂದ ಭಾಗವಾಗುತ್ತ ಹೋಗಬೇಕು. ಈ ಸಂಖ್ಯೆಯನ್ನು ಹನ್ನೆರಡು ಸಲ ಗುಣಿಸಿದರೆ 2 ಬರುವುದನ್ನು ವಾಚಕರು ತಾವೇ ಪರೀಕ್ಷಿಸಬಹುದು. ಫೆಂಡರ್ ಮಾದರಿಯಲ್ಲಿ ತಂತಿಯ ಉದ್ದ 648 ಮಿಲಿಮೀಟರು. ಮೊದಲ ಮೆಟ್ಟಿಲು 36.4 ಮಿಲಿಮೀಟರಿನಲ್ಲಿಯೂ ಹನ್ನೆರಡನೆಯದು ಸರಿಯಾಗಿ ನಡುವೆ, 324ರಲ್ಲಿಯೂ, ಇರಬೇಕು.

ಹಿಂದಿನವರು ಇಷ್ಟು ಲೆಕ್ಕ ಮಾಡುತ್ತಿರಲಿಲ್ಲ. ಉಳಿದ ಉದ್ದದ ಹದಿನೆಂಟನೆಯ ಒಂದು ಭಾಗವನ್ನು ಅಳೆದು ಮೆಟ್ಟಿಲಿಡುವುದು ಅವರ ಕಟ್ಟಳೆ. ಖಗೋಳವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆಂಜೋ ಗೆಲಿಲಿಯು 1581ರಲ್ಲಿ ಈ ಪ್ರಮಾಣವನ್ನು ಬರೆದಿಟ್ಟಿದ್ದಾನೆ. ಆ ಕಟ್ಟಳೆಯಂತೆ ನಡೆದರೆ ಹನ್ನೆರಡನೆಯ ಮೆಟ್ಟಿಲು 324ರ ಬದಲು ಸುಮಾರು 321.6 ಮಿಲಿಮೀಟರಿಗೆ ಬೀಳುವುದು. ಸ್ವರವು ಸ್ವಲ್ಪ ಇಳಿಯುವುದು. ಆದರೂ ಹಿಂದಿನವರ ಕಿವಿಗೆ ಅದು ಅಷ್ಟಾಗಿ ತೊಡಕಾಗಲಿಲ್ಲ. ಏಕೆಂದರೆ ಬೆರಳಿನಿಂದ ತಂತಿಯನ್ನು ಮೆಟ್ಟಿಲಿಗೆ ಒತ್ತಿದಾಗ ತಂತಿಯು ಕೊಂಚ ಜಗ್ಗಿ ಶ್ರುತಿ ಏರುತ್ತದೆ. ಒಂದು ತಪ್ಪು ಇನ್ನೊಂದನ್ನು ಬಹುಪಾಲು ನುಂಗಿಬಿಡುತ್ತಿತ್ತು. ಒತ್ತಿದರೆ ಶ್ರುತಿ ಏರುವುದೆಂಬ ಈ ಸಂಗತಿಯನ್ನು ನೆನಪಿನಲ್ಲಿಡಬೇಕು, ನಮ್ಮ ತರುಣನ ಕಿವಿಯ ಪ್ರಶ್ನೆ ಇದರಲ್ಲಿಯೇ ಇದೆ.

ಇಂದು ಗಣಕಯಂತ್ರದ ಆಣತಿಯಂತೆ ಚಲಿಸುವ ಗರಗಸಗಳು ಸೀಳುಗಳನ್ನು ಕೊರೆಯುವುವು. ಅವಕ್ಕೆ ಫುಲರ್ಟನ್ನೂ ಒಂದೇ, ಸುರಬಾಯವೂ ಒಂದೇ. ಆದಕಾರಣ ಮೆಟ್ಟಿಲುಗಳ ಸ್ಥಾನ ತಪ್ಪಿರುವ ಗಿಟಾರು ಈಗ ಅಪರೂಪ. ಒಡಲಿನ ಆಕಾರವೂ ಎಲ್ಲೆಡೆ ಸರಿಯಾಗಿಯೇ ಬರುವುದು. ಆದರೆ ಬಡಿದ ಮೆಟ್ಟಿಲುಗಳ ನೆತ್ತಿಗಳೆಲ್ಲ ಒಂದೇ ಮಟ್ಟದಲ್ಲಿರುವಂತೆ ಉಜ್ಜುವುದು, ತುದಿಗಳನ್ನು ಉರುಟಾಗಿಸುವುದು, ಬಿರಡೆಗಳ ಕಡೆಯ ತುದಿಯಲ್ಲಿ ತಂತಿಗಳು ಹಾದುಬರುವ ‘ನಟ್’ ಎಂಬ ಪಟ್ಟಿಯ ಕಚ್ಚುಗಳನ್ನು ತಕ್ಕಷ್ಟು ಆಳಕ್ಕೆ ಅರೆಯುವುದು ಇವು ಹೆಚ್ಚಾಗಿ ಕೈಕೆಲಸಗಳು. ಕೈಕೆಲಸವೆಂದರೆ ಸಮಯ, ಸಮಯವೆಂದರೆ ಕೂಲಿ. ಬೆಲೆಯನ್ನು ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಇಲ್ಲಿಗೆ.

ನಟ್ಟಿನ ಕಚ್ಚಿನ ವಿಷಯದಲ್ಲಿ ಕಾರ್ಖಾನೆಯವರ ಒಂದು ಜಾಣತನವನ್ನು ಹೇಳಬೇಕು. ಕಚ್ಚು ಹೆಚ್ಚು ಆಳವಾದರೆ ತಂತಿಯು ಮೆಟ್ಟಿಲಿಗೆ ತಗಲಿ ಝೇಂಕರಿಸುವುದು. ಕೊಂಡವನು ಮರುದಿನವೇ ಹಿಂದಕ್ಕೆ ತರುವನು. ಆಳ ಸಾಲದಿದ್ದರೆ ಝೇಂಕಾರವಿಲ್ಲ. ತಂತಿ ಎತ್ತರದಲ್ಲಿ ನಿಂತಿರುವುದಷ್ಟೆ. ಹೊಸಬನಿಗೆ ಅದು ತಿಳಿಯುವುದೂ ಇಲ್ಲ. ಆದುದರಿಂದ ಅವಸರದ ಕೆಲಸದಲ್ಲಿ ಕಚ್ಚುಗಳು ಎತ್ತರವಾಗಿಯೇ ಉಳಿಯುವುವು. ಅಂಥ ಗಿಟಾರಿನಲ್ಲಿ ಮೊದಲ ಮೆಟ್ಟಿಲನ್ನು ಒತ್ತಬೇಕಾದರೆ ತಂತಿಯನ್ನು ಬಹಳ ಜಗ್ಗಬೇಕಾಗುತ್ತದೆ. ಬಿಡಿತಂತಿಯ ಶ್ರುತಿ ಸರಿಯಿದ್ದರೂ ಒತ್ತಿದ ಸ್ವರ ಏರುತ್ತದೆ. ನಮ್ಮ ತರುಣನ ಗಿಟಾರನ್ನು ಮೊಬೈಲಿನ ಶ್ರುತಿಮಾಪಕದಿಂದ ನೋಡಿದೆವು. ಒಂದು ಅರ್ಧಸ್ವರವನ್ನು ನೂರು ‘ಸೆಂಟು’ಗಳಾಗಿ ಎಣಿಸುವ ರೂಢಿಯಂತೆ, ಮೊದಲ ಮೆಟ್ಟಿಲಿನಲ್ಲಿ ದಪ್ಪ ತಂತಿಯ ಸ್ವರ ಹದಿನೈದು ಸೆಂಟು ಏರಿತ್ತು, ಹನ್ನೆರಡನೆಯದರಲ್ಲಿ ಎರಡು ಸೆಂಟು ಮಾತ್ರ. ಮೆಟ್ಟಿಲುಗಳೂ ಸರಿ, ಅವನ ಕಿವಿಯೂ ಸರಿ. ಸ್ವರ ಹೊಂದುತ್ತಿಲ್ಲವೆಂದು ಅವನಿಗೆ ಕೇಳಿಸುತ್ತಿದ್ದುದು ನಿಜವಾಗಿಯೂ ಹೊಂದುತ್ತಿರಲಿಲ್ಲ. ಇಂಥ ಅಗ್ಗದ ವಾದ್ಯಗಳನ್ನು ಹಿಡಿದು, ತಮಗೆ ಸಂಗೀತ ಒಲಿಯದೆಂದು ತೀರ್ಮಾನಿಸಿ ಅಟ್ಟದ ಮೇಲೆ ಎಸೆದವರು ಎಷ್ಟು ಮಂದಿಯೋ!

ಗುಣ ಬದಲಾಗುವುದೆಂದರೆ ಅಗ್ಗದವು ಎಲ್ಲವೂ ಕೆಟ್ಟವು ಎಂದಲ್ಲ. ಒಂದೇ ಹೊಲದ ಜೋಳದ ತೆನೆಗಳನ್ನು ತೂಗಿ ನೋಡಿ: ಸರಾಸರಿ ತೂಕ ಒಂದು ಸಂಗತಿ, ತೆನೆಯಿಂದ ತೆನೆಗೆ ಇರುವ ಹೆಚ್ಚುಕಡಮೆ ಇನ್ನೊಂದು. ದುಬಾರಿ ಗಿಟಾರಿನ ಸಾಲಿನಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸಿ ಮಿತಿಮೀರಿದುದನ್ನು ತಡೆಹಿಡಿಯುವರು; ಹೆಚ್ಚುಕಡಮೆ ಕಿರಿದಾಗುವುದು. ಅಗ್ಗದ ಸಾಲಿನಲ್ಲಿ ಮಿತಿ ಸಡಿಲ. ಅದೃಷ್ಟವಿದ್ದವನಿಗೆ ಬಹಳ ಒಳ್ಳೆಯದು, ಇಲ್ಲದವನಿಗೆ ಕೈ ಕೆರೆಯುವುದು. ಬೆಲೆ ಕೊಡುವುದು ಬಹುಮಟ್ಟಿಗೆ ಗುಣಕ್ಕಲ್ಲ, ಗುಣದ ಭರವಸೆಗೆ. ಆದುದರಿಂದ ಚಿತ್ರ ನೋಡಿ ಅಂಚೆಯಲ್ಲಿ ತರಿಸುವುದಕ್ಕಿಂತ, ಅದೇ ಮಾದರಿಯ ಎರಡು ಮೂರನ್ನು ಅಂಗಡಿಯಲ್ಲಿ ಹಿಡಿದು ನೋಡಿ ಆರಿಸುವುದು ಮೇಲು. ವಿದ್ಯುತ್ ಭಾಗಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡೋಣ: ಅಗ್ಗದವುಗಳಲ್ಲಿ ಅಲ್ನಿಕೋ ಮಿಶ್ರಲೋಹದ ಬದಲು ಫೆರೈಟ್ ಕಾಂತಗಳಿರುವುದುಂಟು. ಅದೇನೂ ದೋಷವಲ್ಲ, ನಾದ ಸ್ವಲ್ಪ ಬೇರೆ ಅಷ್ಟೆ. ಗುಂಡಿ ತಿರುಗಿಸಿದಾಗ ಕರಕರ ಎನ್ನುವುದು ಮಾತ್ರ ದೋಷವೇ. ಆದರೆ ಗುಂಡಿಯನ್ನು ಬದಲಿಸುವುದು ಕಷ್ಟವಲ್ಲ.

ಬದಲಿಸಲು ಕಷ್ಟವಾದದ್ದು ಮರ. ಇಲ್ಲಿ ಕರ್ನಾಟಕದ ಕಾಡು ಕಥೆಯೊಳಕ್ಕೆ ಬರುವುದು. ಬೆರಳುಹಲಗೆಗೆ ಜಗತ್ತಿನಾದ್ಯಂತ ಮೆಚ್ಚುಗೆ ಪಡೆದ ಮರ ನಮ್ಮ ಮಲೆನಾಡಿನ ಬೀಟೆ. ಗಟ್ಟಿ, ಎಣ್ಣೆಯಂಶವುಳ್ಳದ್ದು, ಬೆವರಿಗೆ ಬೇಗ ಸವೆಯದು. ಬೀಟೆಯ ಜಾತಿಯ ಮರಗಳೆಲ್ಲ ಅಪಾಯದಲ್ಲಿವೆಯೆಂದು ‘ಸೈಟಿಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದವು 2017ರ ಜನವರಿಯಿಂದ ಇಡೀ ಕುಲದ ವ್ಯಾಪಾರಕ್ಕೆ ಪರವಾನಗಿಯನ್ನು ವಿಧಿಸಿತು. ಗಿಟಾರೊಂದನ್ನು ಗಡಿ ದಾಟಿಸಿ ಮಾರಬೇಕಾದರೂ ಕಾಗದಪತ್ರ ಬೇಕಾಯಿತು. 2019ರ ನವೆಂಬರಿನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಆದರೆ ಅಷ್ಟರಲ್ಲಿ ಅಗ್ಗದ ಗಿಟಾರುಗಳು ಬೇರೆ ಮರಕ್ಕೆ ತಿರುಗಿದ್ದುವು. ಸ್ಕ್ವಾಯರ್, ಎಪಿಫೋನ್ ಮುಂತಾದವುಗಳ ವಿವರಪಟ್ಟಿಯಲ್ಲಿ ಈಗ ‘ಇಂಡಿಯನ್ ಲಾರೆಲ್’ ಎಂಬ ಹೆಸರು ಕಾಣುವುದು. ಏನೋ ಅಪೂರ್ವ ವಸ್ತುವಿರಬೇಕೆಂದು ಬೆರಗಾಗಬೇಡಿ. ಆ ಹೆಸರಿನಿಂದ ಕರೆಯುವುದು ಮತ್ತಿ ಮರವನ್ನು! ಮೊಸಳೆಯ ಬೆನ್ನಿನಂಥ ತೊಗಟೆಯ, ಉತ್ತರ ಕನ್ನಡದಲ್ಲಿಯೂ ಶಿವಮೊಗ್ಗದಲ್ಲಿಯೂ ಮನೆಯ ಕಂಬ ತೊಲೆಗಳಿಗೆ ಬಳಸಿದ ಅದೇ ಮತ್ತಿ.

ಯಾವ ಮರವಾದರೂ ಸರಿ, ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 80 ಇರುವಲ್ಲಿ ಬಹುಕಾಲವಿದ್ದ ಮರದಲ್ಲಿ ಅದರ ಒಣತೂಕದ ಸುಮಾರು ಶೇಕಡಾ 16 ನೀರಿರುವುದು. 30 ಇರುವಲ್ಲಿ ಸುಮಾರು 6 ಮಾತ್ರ. ಜಾವಾದ ಕರಾವಳಿಯಲ್ಲಿ ವರ್ಷವಿಡೀ ಗಾಳಿ ಒದ್ದೆ. ಒಳ್ಳೆಯ ಕಾರ್ಖಾನೆಯಲ್ಲಿ ಮರವನ್ನು ಒಲೆಕೋಣೆಯಲ್ಲಿ ಒಣಗಿಸಿ, ಅನಂತರ ತೇವ ಹಿಡಿತದಲ್ಲಿರುವ ಕೋಣೆಯಲ್ಲಿ ವಾರಗಟ್ಟಲೆ ಇಟ್ಟು ಹದಗೊಳಿಸುವರು. ಇಲ್ಲಿಯೂ ಮತ್ತೆ ಸಮಯದ ಪ್ರಶ್ನೆ. ಹದ ಸಾಲದ ಹಲಗೆಯು ಹಡಗನ್ನೇರಿ, ಲಾರಿಯನ್ನೇರಿ ನಮ್ಮ ಸೀಮೆಗೆ ಬಂದಿಳಿಯುವುದು. ಕೊಪ್ಪಳ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ಮುಟ್ಟುವುದು. ಮಧ್ಯಾಹ್ನದ ಗಾಳಿಯ ಆರ್ದ್ರತೆ 30ಕ್ಕಿಂತ ಕೆಳಗಿಳಿಯುವುದುಂಟು. ತುಂಗಭದ್ರೆಯ ಕಾಲುವೆಯ ನೀರು ನಿಂತ ಗಂಗಾವತಿಯ ಗದ್ದೆಗಳ ನಡುವಿನ ಮಳೆಗಾಲದ ಹವೆಗೂ ಯಲಬುರ್ಗಾದ ಕಪ್ಪುನೆಲದ ಮೇಲಿನ ಬೇಸಿಗೆಯ ಹವೆಗೂ ಇರುವ ಅಂತರವನ್ನು ಅಲ್ಲಿ ಇಲ್ಲಿ ಬಾಳಿದವರೇ ಬಲ್ಲರು.

ಲೆಕ್ಕ ಮಾಡಿ ನೋಡೋಣ. ಬೆರಳುಹಲಗೆಯ ಅಗಲ ಒಡಲಿನ ಬಳಿ ಸುಮಾರು 56 ಮಿಲಿಮೀಟರು. ಮರದ ತೇವ ಶೇಕಡಾ 12ರಿಂದ 7ಕ್ಕೆ ಇಳಿದರೆ, ಹಲಗೆ ಸೀಳಿದ ದಿಕ್ಕಿಗೆ ತಕ್ಕಂತೆ ಈ ಅಗಲವು ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿನವರೆಗೆ ಕುಗ್ಗುವುದು. ಲೋಹದ ಮೆಟ್ಟಿಲಾದರೋ ಕುಗ್ಗದು. ಎರಡು ಬದಿಗೂ ಹಂಚಿದರೆ ಒಂದೊಂದು ಬದಿಯಲ್ಲಿ ಈ ಪತ್ರಿಕೆಯ ಒಂದೆರಡು ಹಾಳೆಗಳ ದಪ್ಪದಷ್ಟು ಲೋಹ ಹೊರಕ್ಕೆ ಇಣುಕುವುದು. ಅಷ್ಟೇ ಸಾಕು, ಕೈಗೆ ಗರಗಸವಾಗುವುದಕ್ಕೆ. ಇದರ ಜೊತೆಗೆ ಆರು ತಂತಿಗಳು ಸೇರಿ ದಂಡಿಯನ್ನು ಸುಮಾರು 45 ಕಿಲೋಗ್ರಾಂ ಭಾರದಷ್ಟು ಬಲದಿಂದ, ಎಂದರೆ ಹೆಚ್ಚುಕಡಮೆ ಗಂಗಾವತಿಯ ಅರ್ಧ ಕ್ವಿಂಟಲ್ ಅಕ್ಕಿಮೂಟೆಯ ಭಾರದಿಂದ, ಎಳೆಯುತ್ತಿರುವುವು. ಆ ಎಳೆತಕ್ಕೆ ಎದುರಾಗಿ ದಂಡಿಯೊಳಗೆ ಉಕ್ಕಿನ ಸರಳೊಂದು ಬಿಗಿದಿರುವುದು. ಮರ ಒಣಗಿದಾಗ ಈ ಸಮತೋಲ ಕೆಡುವುದು. ದಂಡಿಯ ಸಹಜವಾದ ಸಣ್ಣ ಬಾಗು ಹೋಗಿ ತಂತಿಗಳು ಝೇಂಕರಿಸತೊಡಗುವುವು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ, ಬೃಹತ್ ಶಿಲಾಸಮಾಧಿಗಳ ಬಳಿ, ಬಡಿದರೆ ನಗಾರಿಯಂತೆ ನುಡಿಯುವ ಬಂಡೆಯೊಂದಿದೆ. ಆ ವಾದ್ಯಕ್ಕೆ ಮಾತ್ರ ಬೇಸಿಗೆ ಮಳೆಗಾಲಗಳ ಚಿಂತೆಯಿಲ್ಲ.

ಮರದ ಈ ಸ್ವಭಾವ ನಮ್ಮವರಿಗೆ ಹೊಸತಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಗೊಂಬೆಗಳಿಗೆ ಹಗುರವಾದ ಮರವನ್ನು ಆರಿಸಿ ಚೆನ್ನಾಗಿ ಒಣಗಿಸುವರು. ಬಿಡಿಭಾಗಗಳನ್ನು ಕೂಡಿಸುವುದು ‘ಕಿಟ್ಟ’ದಿಂದ: ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ಮುದ್ದೆ ಅದು. ಅದರ ಮೇಲೆ ಬಣ್ಣಗಳ ಹೊದಿಕೆ. ಹೀಗೆ ಎಲ್ಲ ಕಡೆಯಿಂದಲೂ ಮುಚ್ಚಿದ ಮರಕ್ಕೆ ಗಾಳಿಯ ತೇವ ಬೇಗ ತಗಲದು. ಗಿಟಾರಿನಲ್ಲಿ ಒಡಲಿಗೆ ದಪ್ಪನೆಯ ವಾರ್ನಿಷಿದ್ದರೂ ಬೀಟೆ, ಮತ್ತಿಗಳ ಬೆರಳುಹಲಗೆ ಸಾಮಾನ್ಯವಾಗಿ ಬರಿಮೈಯಲ್ಲಿರುವುದು. ಕುಗ್ಗುವ ಮೊದಲ ಭಾಗ ಅದೇ.

ಕೊಳ್ಳುವವರು ಮಾಡಬಹುದಾದ ಪರೀಕ್ಷೆಗಳಿಗೆ ಉಪಕರಣವೇ ಬೇಡ. ದಂಡಿಯ ಎರಡು ಅಂಚುಗಳ ಮೇಲೂ ಬೆರಳನ್ನು ಉದ್ದಕ್ಕೆ ಎಳೆಯಿರಿ. ಪ್ರತಿ ತಂತಿಯನ್ನೂ ಮೂರನೆಯ ಮೆಟ್ಟಿಲಿನಲ್ಲಿ ಒತ್ತಿ, ಮೊದಲ ಮೆಟ್ಟಿಲಿಗೂ ತಂತಿಗೂ ನಡುವಣ ಸಂದನ್ನು ನೋಡಿ; ತೆಳುಕಾಗದದಷ್ಟಿದ್ದರೆ ಸರಿ, ಬೆಂಕಿಪೆಟ್ಟಿಗೆಯ ರಟ್ಟು ಸಲೀಸಾಗಿ ತೂರಿದರೆ ಕಚ್ಚು ಎತ್ತರ. ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಒತ್ತದೆ ಬರಿದೆ ಮುಟ್ಟಿ ಮೀಟಿದಾಗ ಬರುವ ಸ್ವರವನ್ನೂ ಅಲ್ಲಿಯೇ ಒತ್ತಿ ಮೀಟಿದಾಗ ಬರುವ ಸ್ವರವನ್ನೂ ಹೋಲಿಸಿ. ಅವು ಬೇರೆಯಾದರೆ ಹೆದರಬೇಕಾಗಿಲ್ಲ, ಕುದುರೆಯಲ್ಲಿರುವ ಸಣ್ಣ ತಿರುಪುಗಳಿಂದ ಸರಿಪಡಿಸಬಹುದು. ದಂಡಿ ಹಗ್ಗದಂತೆ ತಿರುಚಿಕೊಂಡಿದ್ದರೆ ಮಾತ್ರ ಆ ವಾದ್ಯವನ್ನು ಕೈಬಿಡುವುದು ಲೇಸು. ಅದಕ್ಕೆ ಅಗ್ಗದ ಚಿಕಿತ್ಸೆಯಿಲ್ಲ.

ನಮ್ಮ ತರುಣನು ಗಿಟಾರನ್ನು ಮಾರಲಿಲ್ಲ. ಹುಬ್ಬಳ್ಳಿಗೆ ಒಯ್ದು ವಾದ್ಯ ದುರಸ್ತಿ ಮಾಡುವವರೊಬ್ಬರಿಗೆ ತೋರಿಸಿದನು. ಅವರು ಆರು ಕಚ್ಚುಗಳನ್ನು ಅರೆದು ಇಳಿಸಿ, ಒಳಸರಳನ್ನು ಕಾಲುಸುತ್ತು ಸಡಿಲಿಸಿ, ಇಣುಕುತ್ತಿದ್ದ ಮೆಟ್ಟಿಲುಗಳ ತುದಿಗಳನ್ನು ಅರದಿಂದ ಉಜ್ಜಿ, ಬೆರಳುಹಲಗೆಗೆ ತುಸು ಎಣ್ಣೆ ಸವರಿ ಅದೇ ಮಧ್ಯಾಹ್ನ ಹಿಂದಕ್ಕೆ ಕೊಟ್ಟರು. ಹದಿನೈದು ಸೆಂಟಿನ ಏರು ನಾಲ್ಕಕ್ಕೆ ಇಳಿಯಿತು. ತುದಿಗಳನ್ನು ಉಜ್ಜಿದುದು ವರ್ಷದಲ್ಲೆಲ್ಲ ಮರ ಅತ್ಯಂತ ಒಣಗಿರುವ ಮೇ ತಿಂಗಳಾದುದು ಒಳ್ಳೆಯದೇ ಆಯಿತು. ಮಳೆಗಾಲದಲ್ಲಿ ಹಲಗೆ ಹಿಗ್ಗಿದಾಗ ಲೋಹದ ತುದಿಗಳು ಅಂಚಿಗಿಂತ ಕೂದಲೆಳೆಯಷ್ಟು ಒಳಗೆ ಉಳಿಯುವುವು, ಕೈಗೆ ತಾಗವು. ಇದೇ ಕೆಲಸವನ್ನು ಆಗಸ್ಟಿನಲ್ಲಿ ಮಾಡಿಸಿದ್ದರೆ ಬರುವ ಏಪ್ರಿಲಿಗೆ ಮತ್ತೆ ಅರವನ್ನು ಹುಡುಕಬೇಕಾಗುತ್ತಿತ್ತು.